ಹಳೇ ಡ್ರೈವರ್, ಬೋಳು ಗುಡ್ಡ

ಮೂಡಲಗಿಯ ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಶ್ರೀಪಾಲ ಚೌಗಲಾ ಅವರಿಗೆ ಕಂಪ್ಯೂಟರಿನ ಅವಶ್ಯಕತೆ ಎಳ್ಳಷ್ಟೂ ಇರಲಿಲ್ಲ. ಆದರೆ ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಬೆಳಗಾವಿಯ ಯಾವುದೋ ಕಚೇರಿ ತನ್ನ ಹಳೆಯ ಯಂತ್ರಗಳನ್ನು ಹೊರಗೆ ಹಾಕಿದಾಗ ಬಾಜೂ ಅಂಗಡಿಯ ಸಿಮೆಂಟಿನ ವ್ಯಾಪಾರಿ ಒಂದನ್ನು ಹೊತ್ತು ತಂದ. ಸಿಮೆಂಟಿಗೇ ಕಂಪ್ಯೂಟರ್ ಬಂದ ಮೇಲೆ ಗೊಬ್ಬರ ಹಿಂದೆ ಉಳಿಯುವುದು ಶ್ರೀಪಾಲಣ್ಣನಿಗೆ ಸರಿ ಕಾಣಲಿಲ್ಲ. ಅವರೂ ಒಂದನ್ನು ತಂದು ಮನೆಯ ಪಡಸಾಲೆಯಲ್ಲಿ ಇಟ್ಟರು. ಹೆಂಡತಿ ಕಮಲಾಬಾಯಿ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಇನ್ನು ಮುಂದೆ ಆ ಡಬ್ಬಿಯ ವಿಷಯ ತನ್ನ ಹತ್ತಿರ ಎತ್ತಬಾರದು ಎಂದು ಗಂಡನಿಂದ ಮಾತು ತೆಗೆದುಕೊಂಡಳು.

ಅಂಗಡಿಯ ವ್ಯವಹಾರವನ್ನೆಲ್ಲ ಅದರಲ್ಲಿ ತುಂಬುವ ಯೋಚನೆ ಇದ್ದದ್ದು ನಿಜ. ಅಷ್ಟರಲ್ಲಿ ಅವರ ಅಣ್ಣನ ಮಗಳು ಆರತಿ, ಗೋಕಾಕದಲ್ಲಿ ಕಂಪ್ಯೂಟರ್ ತರಬೇತಿ ಕೊಡುವವಳು, ಕೈ ಪಳಗಲಿ ಎಂದು ಲಾರಿ ಓಡಿಸುವ ಒಂದು ಆಟವನ್ನು ಹಾಕಿಕೊಟ್ಟಳು. ಘಟ್ಟದ ರಸ್ತೆಯಲ್ಲಿ ಲಾರಿಗಳ ಪಂದ್ಯ. ಎರಡೂ ಬದಿಗೆ ಗಿಡಮರ, ಕೆಳಗೆ ಹೊಳೆ, ರಸ್ತೆಯ ಪಕ್ಕ ಕೈ ಬೀಸುವ ಜನ. ನೋಡಲು ಸೊಗಸು. ಓಡಿಸಲು ಹೋದರೆ ಮಾತ್ರ, ಗುಂಡಿ ಒತ್ತಿ ಒಳಗೆ ಹೋಗಿ ನೀರು ಕುಡಿದು ಬಂದರೂ ಲಾರಿ ಒಂದು ಗಾಲಿಯಷ್ಟೇ ಮುಂದೆ ಹೋಗಿರುತ್ತಿತ್ತು. ಒಮ್ಮೊಮ್ಮೆ ಎರಡು ಜಗ್ಗು ಜಗ್ಗಿ ಒಮ್ಮೆಲೇ ಹೊಳೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದು ತಮ್ಮ ಚಾಲನೆಯ ದೋಷವೋ ಲಾರಿಯ ದೋಷವೋ ಶ್ರೀಪಾಲಣ್ಣನಿಗೆ ತಿಳಿದಿರಲಿಲ್ಲ. ಬಹುಶಃ ಆಟವೇ ಹಾಗಿರಬಹುದು ಎಂದು ನಂಬಿ ಅವರು ದಿನವೂ ಹೊಳೆಗೆ ಬೀಳುತ್ತಿದ್ದರು.

ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮಗಳು ಪ್ರಣಿತಾಳ ನಿಶ್ಚಯ ಹುಕ್ಕೇರಿಯಲ್ಲಿ ಆಯಿತು. ವರ ಶ್ರೇಣಿಕ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿದವನು, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಅವನ ತಂದೆ ಗೊಮ್ಮಟೇಶ ಮಗದುಮ್ ಬೆಲ್ಲದ ವ್ಯಾಪಾರಿ. ಬಾಯಿಯಿಂದ ಮಾತು ಹೊರಡಿಸಲು ಅವರಿಗೆ ಗಾಣ ತಿರುಗಿಸಿದಷ್ಟು ಶ್ರಮವಾಗುತ್ತಿತ್ತು. ಅಂಥವರ ಎದುರು ಕೂತ ಶ್ರೀಪಾಲಣ್ಣ ಮೌನವನ್ನು ತುಂಬಲು ಹೋಗಿ ತಮ್ಮ ಕಂಪ್ಯೂಟರಿನ ಮಾತು ತೆಗೆದರು. ಲಾರಿಯ ಆಟದ ಹೆಸರು ಕೇಳಿದ ಕೂಡಲೇ ಶ್ರೇಣಿಕನ ಕಣ್ಣು ಅರಳಿದವು.

"ಆ ಆಟ ನಮ್ಮ ಕಾಲೇಜಿನ ಮಷೀನದಾಗ ಸೈತ ಎಳೀತಿತ್ರಿ ಮಾವಾರ. ನಿಮ್ಮಲ್ಲೆ ಓಡತೈತಿ?"

"ಓಡೂದೇನ? ಹಾರತೈತಿ!" ಎಂದರು ಶ್ರೀಪಾಲಣ್ಣ.

"ಹಂಗಾದ್ರ ಆಯ್ತವಾರ ಲಗ್ನದ ಮಾತಿಗಿ ಬಂದಾಗ ಒಂದ ಪಂದ್ಯ ಆಡಿಬಿಡೂಣ್ರಿ."

ಶ್ರೀಪಾಲಣ್ಣ ನಕ್ಕರು. ಭಾನುವಾರ ದೂರವಿರಲಿಲ್ಲ; ಊರಿಗೆ ಮರಳುವ ದಾರಿಯುದ್ದಕ್ಕೂ ಆ ನಗು ನಿಧಾನವಾಗಿ ಇಳಿಯುತ್ತ ಬಂತು.

ಮರುದಿನ ಅವರು ಆರತಿಗೆ ಫೋನ್ ಮಾಡಲು ಹೊರಟರು. ಗಟಾರ ತೋಡುವವರು ತಂತಿ ಕಡಿದಿದ್ದರಿಂದ ಓಣಿಯ ಫೋನುಗಳೆಲ್ಲ ಮೂಕವಾಗಿದ್ದವು. ಹೀಗಾಗಿ ಜೀಪಿನಲ್ಲಿ ಬಸ್ ನಿಲ್ದಾಣದ ಹತ್ತಿರದ ಎಸ್‌ಟಿಡಿ ಅಂಗಡಿಗೆ ಬಂದರು. ಜೀಪು ಓಡಿಸಿದವನು ಉದ್ದಪ್ಪ. ಕೌಜಲಗಿಯವನು. ಕಮಲಾಬಾಯಿ ಮದುಮಗಳಾಗಿ ಮೂಡಲಗಿಗೆ ಬಂದದ್ದು ಅವನ ಗಾಡಿಯಲ್ಲಿ. ಪ್ರಣಿತಾ ಗೋಕಾಕದ ದವಾಖಾನೆಯಿಂದ ಬಟ್ಟೆಯ ಗಂಟಾಗಿ ಬಂದದ್ದೂ ಅವನ ಗಾಡಿಯಲ್ಲೇ. ಜೀಪಿಗೆ ಒಂದು ಗೀರು ಬಿದ್ದದ್ದಿಲ್ಲ. ಅವನ ವೇಗ ಎಂಥದೆಂದರೆ, ಹಿಂದೆ ಬರುವ ಎತ್ತಿನ ಗಾಡಿಯವರು ತಮಗೆ ಹಾರ್ನ್ ಇಲ್ಲವಲ್ಲ ಎಂದು ಮರುಗುತ್ತಿದ್ದರು.

ಎಸ್‌ಟಿಡಿ ಗೂಡಿನ ಗಾಜು ಒಡೆದು ಬಹಳ ದಿನವಾಗಿತ್ತು. ಸಾಲದ್ದಕ್ಕೆ ಗೋಕಾಕದ ಲೈನು ಕರಕರ ಎನ್ನುತ್ತಿತ್ತು. ಆರತಿ ಹೇಳಿದ ಒಂದೊಂದು ಮಾತನ್ನೂ ಶ್ರೀಪಾಲಣ್ಣ ಗಟ್ಟಿಯಾಗಿ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಕಾಕಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಆರತಿ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ಆ ಸೌಜನ್ಯವೇ ಮುಂದಿನದಕ್ಕೆಲ್ಲ ಕಾರಣ.

"ಹಲೋ, ಆರತೀ! ಬರೂ ಆಯ್ತವಾರ ಹುಕ್ಕೇರಿ ಬೀಗರು ಬರತಾರವಾ. ಅಷ್ಟರಾಗ ಎಲ್ಲಾ ಸುರಳೀತ ಓಡಬೇಕ ನೋಡು. ಈಗ ಭಾಳ ಜಗ್ಗಿ ಜಗ್ಗಿ ಹೊಂಟೈತಿ... ಏನು? ಡ್ರೈವರಾ?"

ಹೊರಗೆ ಜೀಪಿಗೆ ಒರಗಿ ನಿಂತಿದ್ದ ಉದ್ದಪ್ಪ, ತನ್ನನ್ನೇ ಕರೆದರೆಂದು ತಿಳಿದು ಗೂಡಿನ ಹತ್ತಿರ ಬಂದ.

"ಹೌದು, ಡ್ರೈವರ ಹಳೇದ ಐತಿ. ಭಾಳ ಹಳೇದು... ಓಹೋ, ಅದರಿಂದನ ಎಲ್ಲಾ ಜಗ್ಗತೈತೆನು? ನಾನೂ ಹಂಗ ಅನಕೊಂಡಿದ್ದೆ... ಪೂರಾ ತಗದ ಒಗೀಬೇಕಾ? ಆತು, ಮನೀಗಿ ಹೋಗಿ ಮೊದಲ ಅದನ್ನ ತಗದ ಒಗೀತೇನಿ. ಹೊಸಾದು ಹಾಕತೇನಿ."

ಉದ್ದಪ್ಪ ಬಂದ ಹೆಜ್ಜೆಯಲ್ಲೇ ತಿರುಗಿ ಹೋಗಿ ಜೀಪಿನಲ್ಲಿ ಕೂತ. ಹಳಬನಾದ ಎಂದದ್ದಕ್ಕಿಂತ, 'ಅಂವ' ಎನ್ನದೆ 'ಅದು' ಎಂದದ್ದು ಅವನ ಎದೆಗೆ ನಾಟಿತು.

ಅವನು ಬಿಟ್ಟ ಜಾಗದಲ್ಲಿ ಈಗ ನೆರೆಮನೆಯ ದುಂಡವ್ವ ನಿಂತಿದ್ದಳು. ಅವಳು ತಂಗಿಗೆ ಫೋನ್ ಮಾಡಲು ಸರದಿ ಕಾಯುತ್ತಿದ್ದಳು. ಬೇರೆಯವರ ಮಾತು ಕೇಳಿಸಿಕೊಳ್ಳುವ ಉದ್ದೇಶ ಅವಳಿಗೆ ಇರಲಿಲ್ಲ; ಕಿವಿಯ ಮೇಲಿನ ಸೆರಗನ್ನು ಸರಿಸಿದ್ದು ಸೆಖೆಗಾಗಿ.

"ನೆರಳಾ?" ಎಂದು ಶ್ರೀಪಾಲಣ್ಣ ಕೂಗಿದರು. "ನೆರಳ ಪೂರಾ ಬಂದ್ ಮಾಡ್ಲಿ? ಆತು. ಗಿಡಾ?... ಎಲ್ಲಾ ಗಿಡಾ ತಗೀಲಾ? ಒಂದೂ ಬ್ಯಾಡ? ತಗೀತೇನಿ. ನೀರ ಎಷ್ಟ ಕಡಿಮಿ ಆಕ್ಕೈತಿ ಅಷ್ಟ ಕಡಿಮಿ... ಜನಾ? ಜನಾ ಒಟ್ಟ ಬ್ಯಾಡ! ಚಲೋ ಆತು, ನನಗೂ ಆ ಜನರ ಕಾಟ ಸಾಕಾಗಿತ್ತು... ದೂರದವು? ದೂರದವು ಕಾಣೂದ ಬ್ಯಾಡ, ಹತ್ತಿರದವು ಇದ್ರ ಸಾಕು... ಸಾವಿರದ ಇಪ್ಪತ್ನಾಕು ಭಾಳ ಆತಾ? ಹಂಗಾದ್ರ ಆರನೂರಾ ನಲವತ್ತ ಇಡತೇನಿ. ಬೀಗರು ಬಂದ್ರ ಗೊತ್ತಾಗಂಗಿಲ್ಲ ಹೌದಲ್ಲ?"

ದುಂಡವ್ವ ತಂಗಿಗೆ ಫೋನ್ ಮಾಡಿದಳು. ಆದರೆ ತಂಗಿಯ ಬಾಣಂತನದ ವಿಷಯ ಕೇಳುವುದು ಅವಳಿಗೆ ಮರೆತೇ ಹೋಯಿತು.

ಮನೆಗೆ ಬರುವಾಗ ಜೀಪು ಎಂದಿಗಿಂತಲೂ ನಿಧಾನವಾಗಿತ್ತು. ಜಗ್ಗುತ್ತದೆ ಎಂಬ ಆರೋಪವನ್ನು ಸುಳ್ಳು ಮಾಡಲು ಉದ್ದಪ್ಪ ತುಂಬಿದ ಕೊಡ ಹೊತ್ತವಳ ಹಾಗೆ ಗಾಡಿಯನ್ನು ನಡೆಸಿದ. ಒಂದು ಕೋಳಿ ಜೀಪಿನ ಮುಂದೆ ಅರ್ಧ ಬಜಾರದ ತನಕ ನಡೆದು, ಬೇಸರ ಬಂದು ಪಕ್ಕಕ್ಕೆ ಹೋಯಿತು. ಶ್ರೀಪಾಲಣ್ಣನಿಗೆ ಇದೊಂದೂ ಗೊತ್ತಾಗಲಿಲ್ಲ. ನೆರಳು, ಗಿಡ, ನೀರು, ಜನ ಎಂದು ಬಾಯಿಪಾಠ ಮಾಡುತ್ತ ಕೂತಿದ್ದರು.

ಮನೆಗೆ ಬಂದವರೇ ಚಪ್ಪಲಿಯಲ್ಲೇ ಕಂಪ್ಯೂಟರಿನ ಮುಂದೆ ಕೂತರು. ಆರತಿ ಹಿಂದೆಯೇ ಕೊಟ್ಟಿದ್ದ ಸೀಡಿ ಹಾಕಿ, ಪರದೆಗೆ ಚಿತ್ರ ಕಳಿಸುವ ಹಳೆಯ ಡ್ರೈವರ್ ತಂತ್ರಾಂಶ ಅಳಿಸಿ ಹೊಸದನ್ನು ಹಾಕಲು ಹೇಳಿದಂತೆ ಒತ್ತಿದರು. ಯಂತ್ರ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಅದೇ ಹೊತ್ತಿಗೆ ಉದ್ದಪ್ಪ ಒಳಗೆ ಬಂದು ಜೀಪಿನ ಕೀಲಿಯನ್ನು ಕಮಲಾಬಾಯಿಯ ಕೈಗೆ ಕೊಟ್ಟ.

"ಅಕ್ಕಾರ, ನಾ ಹಳಬಾ ಆಗೇನಂತ್ರಿ. ಹೊಸಾಂವ ಬರತಾನಂತ."

"ಯಾರಂದ್ರೋ ಹಂಗ?" ಎನ್ನುತ್ತ ಕಮಲಾಬಾಯಿ ಗಂಡನ ಕಡೆ ತಿರುಗಿದಳು. "ಏನ್ರಿ, ಇಂವ ಹೇಳೂದು ಖರೆ ಏನು? ಡ್ರೈವರನ್ನ..."

ಶ್ರೀಪಾಲಣ್ಣ ಪರದೆಯಿಂದ ಕಣ್ಣು ಕೀಳದೆ ಹರ್ಷದಿಂದ ಹೇಳಿದರು: "ಖರೆ, ಖರೆ! ಹಳೇ ಡ್ರೈವರ ಕಿತ್ತ ಒಗದೇನಿ. ಇಷ್ಟ ದಿನಾ ಅದನ್ನ ಇಟ್ಟಕೊಂಡ ಕುಂತದ್ದ ತಪ್ಪ ನೋಡು. ಈಗ ಹೆಂಗ ಓಡತೈತಿ ನೋಡಂತಿ!"

ಅವರು ತಿರುಗಿ ನೋಡುವ ಹೊತ್ತಿಗೆ ಕಮಲಾಬಾಯಿ ಅಡಿಗೆಮನೆ ಸೇರಿದ್ದಳು. ಉದ್ದಪ್ಪ ಕೌಜಲಗಿಯ ಬಸ್ಸು ಹತ್ತಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಆಟ ನಿಜವಾಗಿಯೂ ಓಡಿತು. ನೆರಳು ತೆಗೆದಾಗ ಲಾರಿ ಕುಂಟಿತು, ಗಿಡ ತೆಗೆದಾಗ ನಡೆಯಿತು, ಜನರನ್ನು ತೆಗೆದಾಗ ಓಡಿತು, ದೂರದ ಬೆಟ್ಟಗಳನ್ನು ಮಂಜಿನಲ್ಲಿ ಮುಚ್ಚಿದಾಗ ಬಾಣದಂತೆ ಹಾರಿತು. ಪರದೆಯ ಮೇಲೆ ಈಗ ಬೂದಿ ಬಣ್ಣದ ರಸ್ತೆ, ಬೋಳು ಗುಡ್ಡ, ಒಂದಿಷ್ಟು ಹೊಳೆ ಮತ್ತು ಇಟ್ಟಿಗೆಯ ಆಕಾರದ ಲಾರಿಗಳು ಮಾತ್ರ ಉಳಿದಿದ್ದವು. ಶ್ರೀಪಾಲಣ್ಣನಿಗೆ ಅದು ಸ್ವರ್ಗದಂತೆ ಕಂಡಿತು.

ಮರುದಿನ ಬೆಳಿಗ್ಗೆ ಉದ್ದಪ್ಪ ಬರಲಿಲ್ಲ.

"ಉದ್ದಪ್ಪ ಎಲ್ಲಿ ಹೋದಾ?" ಎಂದು ಶ್ರೀಪಾಲಣ್ಣ ಹೆಂಡತಿಯನ್ನು ಕೇಳಿದರು.

"ನಿಮಗ ಗೊತ್ತಿಲ್ಲೇನು?"

"ನನಗೇನ ಗೊತ್ತು?"

ಕಮಲಾಬಾಯಿ ಗಂಡನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ಶ್ರೀಪಾಲಣ್ಣ, ಊರಲ್ಲಿ ಏನೋ ಕೆಲಸ ಇದ್ದೀತು ಎಂದುಕೊಂಡು ಅಂಗಡಿಗೆ ನಡೆದೇ ಹೋದರು.

ಅಲ್ಲಿ ಪೆಂಡಾಲಿನ ಸಾತಪ್ಪ ಕಾಯುತ್ತಿದ್ದ. ಮದುವೆ ಬೇಸಿಗೆಯಲ್ಲಿ, ಮೂಡಲಗಿಯ ಶಾಲೆಯ ಬಯಲಿನಲ್ಲಿ. ಚಪ್ಪರ ಅವನದೇ ಎಂದು ಮೊದಲೇ ಮಾತಾಗಿತ್ತು. ರಾತ್ರಿಯೊಳಗೆ ದುಂಡವ್ವನ ಸುದ್ದಿ ಅವನ ತನಕ ಬಂದಿತ್ತು.

"ಸಾವಕಾರ್ರ, ನೆರಳ ಬ್ಯಾಡ ಅಂದಿರಂತ?"

ಶ್ರೀಪಾಲಣ್ಣನಿಗೆ ಆಶ್ಚರ್ಯವಾಯಿತು. "ನಿನಗ ಯಾರ ಹೇಳಿದ್ರೋ?"

"ಊರಾಗೆಲ್ಲಾ ಅದ ಮಾತು. ಖರೇನ ನೆರಳ ತಗದೀರಿ?"

"ತಗದೇನಿ ಸಾತಪ್ಪ. ನೆರಳ ಇಟ್ರ ಎಲ್ಲಾ ನಿಂತ ಬಿಡತೈತಿ. ಮೊದಲ ತಗದ ಒಗಿಯೂದ ಅದನ್ನ."

"ಈ ಬಿಸಲಾಗ್ರಿ? ಜನಾ ಏನ ಮಾಡಬೇಕು?"

"ಜನಾನೂ ತಗದೇನಿ."

ಸಾತಪ್ಪ ಗೊಬ್ಬರದ ಚೀಲದ ಮೇಲೆ ಕುಳಿತ. "ಜನಾ ಇಲ್ಲದ ಹೆಂಗ್ರಿ?"

"ಜನರಿಂದ ಏನ ಉಪಯೋಗ ಐತಿ ಹೇಳು. ಬಾಜೂಕ ನಿಂತ ಕೈ ಬೀಸತಾರ, ಅಷ್ಟ. ಅವರ ಸಲುವಾಗಿ ನಾವ್ಯಾಕ ತ್ರಾಸ ತಗೋಬೇಕು? ಜನಾ ಹ್ವಾದ ಮ್ಯಾಲೆ ಎಷ್ಟ ಹಗರ ಆತ ಅಂತಿ!"

"ಮತ್ತ ಬೀಗರಿಗಿ ಇದು ಗೊತ್ತೈತೇನ್ರಿ?"

"ಆಯ್ತವಾರ ಅವರ ಕಣ್ಣಿಂದನ ನೋಡತಾರಲ್ಲ," ಎಂದು ಶ್ರೀಪಾಲಣ್ಣ ಹೆಮ್ಮೆಯಿಂದ ಹೇಳಿದರು.

ಸಾತಪ್ಪ ಎದ್ದು ಹೋದ. ಅವನ ಬೆನ್ನನ್ನು ನೋಡುತ್ತ ಶ್ರೀಪಾಲಣ್ಣ ಬಹಳ ಹೊತ್ತು ವಿಚಾರ ಮಾಡಿದರು. ಪೆಂಡಾಲ್ ಹಾಕುವ ಸಾತಪ್ಪನಿಗೆ ಕಂಪ್ಯೂಟರಿನ ನೆರಳಿನ ವಿಷಯ ಗೊತ್ತಿದೆ. ಇಡೀ ಊರಿಗೇ ಗೊತ್ತಿದೆ ಎಂದೂ ಹೇಳಿದ. ತಾವು ಗೊಬ್ಬರ ಮಾರುತ್ತ ಕೂತಿದ್ದಾಗ ಮೂಡಲಗಿ ಇಷ್ಟು ಮುಂದೆ ಹೋಗಿಬಿಟ್ಟಿತೆ?

ಮಧ್ಯಾಹ್ನ ಊಟಕ್ಕೆ ಬಂದಾಗ ತಾಟಿನಲ್ಲಿ ಬರೀ ರೊಟ್ಟಿ, ಬದನೆಕಾಯಿ ಪಲ್ಯ. ಮೊಸರಿಲ್ಲ, ಸಿಹಿಯಿಲ್ಲ. ಏಕೆಂದು ಕೇಳುವಷ್ಟರಲ್ಲಿ ಕಮಲಾಬಾಯಿಯೇ ಮೆಲ್ಲಗೆ ಬಾಯಿ ಬಿಟ್ಟಳು.

"ಖರೇ ಹೇಳ್ರಿ. ಎಲ್ಲಾ ಕಡಿಮಿ ಮಾಡೀರೇನು?"

"ಮಾಡೇನಿ. ಮಾಡಲಿಲ್ಲಂದ್ರ ಓಡಂಗಿಲ್ಲ."

"ಅಷ್ಟ ಬಿಗಡಾಯಿಸೇತಿ?"

"ಮೊದಲ ಹಳೇದು. ತಾಕತ್ತ ಇಲ್ಲ ಅದಕ. ಎಷ್ಟಂತ ಎಳೀತೈತಿ?"

ತಾಕತ್ತಿಲ್ಲದ್ದು, ಇನ್ನು ಓಡದಿರುವುದು ಅಂಗಡಿ ಎಂದು ಕಮಲಾಬಾಯಿ ತಿಳಿದಳು. ಮನೆಯ ಯಜಮಾನ ಹೊಟ್ಟೆಯಲ್ಲಿ ಇಷ್ಟೆಲ್ಲ ಸಂಕಟ ಇಟ್ಟುಕೊಂಡು ಮೇಲೆ ಆಟ ಆಡುತ್ತ ನಗುತ್ತಿದ್ದಾರೆ! ಸಂಜೆ ಮಗಳಿಗೆ ಎಲ್ಲ ಹೇಳಿ, ಅಪ್ಪನಿಗೆ ಮಾತ್ರ ಏನೂ ಕೇಳಬಾರದು, ಅವರ ಮರ್ಯಾದೆ ಕಳೆಯಬಾರದು ಎಂದು ಕಟ್ಟುಮಾಡಿದಳು.

ಪ್ರಣಿತಾ ಕಂಪ್ಯೂಟರಿನ ಹಿಂದೆ ಬಂದು ನಿಂತಳು. ಶ್ರೀಪಾಲಣ್ಣ ಆಗ ಬೋಳು ಗುಡ್ಡದ ತಿರುವಿನಲ್ಲಿದ್ದರು.

"ಅಪ್ಪಾ, ನನಗ ರೇಷ್ಮಿ ಸೀರಿ ಬ್ಯಾಡ. ಇದ್ದದ್ದ ಉಡತೇನಿ."

"ಯಾಕವಾ?"

"ಹಂಗ." ಅವಳು ಕಣ್ಣೊರಸಿಕೊಂಡು ಓಡಿಹೋದಳು. ಲಾರಿ ಹೊಳೆಗೆ ಬಿತ್ತು. ಮದುವೆ ಹತ್ತಿರ ಬಂದಾಗ ಹೆಣ್ಣುಮಕ್ಕಳು ಹೀಗೆ ಆಗುತ್ತಾರೋ ಏನೋ ಎಂದು ಶ್ರೀಪಾಲಣ್ಣ ಗಲ್ಲ ಕೆರೆದುಕೊಂಡರು.

ಅವರು ಕೆರೆದುಕೊಳ್ಳಬೇಕಾದದ್ದು ಇನ್ನೂ ಬಹಳವಿತ್ತು. ಶನಿವಾರ ಅರಣ್ಯ ಇಲಾಖೆಯ ಗಾರ್ಡ್ ಬೀರಸಿದ್ದಪ್ಪ ಸೈಕಲ್ ಮೇಲೆ ಬಂದ. ಚೌಗಲಾ ಅವರ ಮನೆಗೂ ದುಂಡವ್ವನ ಮನೆಗೂ ನಡುವೆ ದೊಡ್ಡ ಬೇವಿನ ಗಿಡ ಇತ್ತು. ಅದರ ಕೆಳಗೆ ಕೂತು ಜೋಳ ಹಸನು ಮಾಡುವುದು, ಹೋಗಿಬರುವವರ ಸುದ್ದಿ ಹಸನು ಮಾಡುವುದು ದುಂಡವ್ವನ ನಿತ್ಯದ ಕೆಲಸ. 'ಎಲ್ಲಾ ಗಿಡಾ ತಗೀತೇನಿ' ಎಂಬ ಮಾತನ್ನು ಕಿವಿಯಾರೆ ಕೇಳಿದ ಮೇಲೆ ಅವಳು ಸುಮ್ಮನಿರುವ ಹೆಂಗಸೇ? ತನ್ನ ಎಮ್ಮೆಯನ್ನು ತಂದು ಆ ಗಿಡಕ್ಕೇ ಕಟ್ಟಿ, ನೇರ ಗಾರ್ಡನ ಮನೆಗೆ ಹೋಗಿ ಹೇಳಿ ಬಂದಿದ್ದಳು.

"ಗಿಡಾ ತಗಿಯಾಕತ್ತೀರಂತ ತಕರಾರ ಬಂದೈತ್ರಿ," ಎಂದ ಬೀರಸಿದ್ದಪ್ಪ, ಟೋಪಿ ಸರಿಮಾಡಿಕೊಳ್ಳುತ್ತ.

ಶ್ರೀಪಾಲಣ್ಣನ ಬಾಯಿ ತೆರೆದೇ ಉಳಿಯಿತು. ಸಾತಪ್ಪನಿಗೆ ಗೊತ್ತಿದ್ದದ್ದು ಒಂದು ಕಡೆ, ಈಗ ಸರಕಾರಕ್ಕೂ ಗೊತ್ತೆ? "ಅದಕ್ಕ ನಿಮ್ಮ ಪರವಾನಗಿ ಬೇಕೇನ್ರಿ?"

"ಬೇಕಲ್ಲ ಮತ್ತ? ಒಂದ ಟೊಂಗಿ ಕಡಿಬೇಕಂದ್ರೂ ಬೇಕು."

"ನನಗ ಗೊತ್ತಿರಲಿಲ್ರಿ. ನಾ ಎಲ್ಲಾ ಆಗಲೇ ತಗದೇನಿ."

"ಎಲ್ಲಾ ಅಂದ್ರ? ಎಷ್ಟ ಗಿಡಾ?"

"ಯಾರ ಎಣಿಸ್ಯಾರ್ರಿ? ಗುಡ್ಡ ಪೂರಾ ಇದ್ದವು. ಒಂದ ಗುಂಡಿ ಒತ್ತಿದೆ, ಬೋಳ ಆತು."

ಬೀರಸಿದ್ದಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ತನ್ನ ನೌಕರಿಯಲ್ಲಿ ಇಷ್ಟು ಶಾಂತವಾಗಿ ಒಪ್ಪಿಕೊಂಡ ಕಳ್ಳನನ್ನು ಅವನು ಕಂಡಿರಲಿಲ್ಲ. "ಯಾವ ಗುಡ್ಡಾ?"

"ಹೊಳಿ ಬಾಜೂ ರಸ್ತಾ ಹೊಕ್ಕೈತಲ್ಲ, ಅದು. ನೀರೂ ಕಡಿಮಿ ಮಾಡೇನಿ. ತಪ್ಪಾಗಿದ್ರ ತಿರಗಿ ಹಾಕತೇನ್ರಿ, ಅದರಾಗೇನ? ಆದ್ರ ಆಯ್ತವಾರ ಬೀಗರ ಬಂದ ಹೋಗೂ ತನಕ ಸ್ವಲ್ಪ ಬಿಡ್ರಿ."

ಗುಂಡಿ ಎಂದರೆ ಮದ್ದಿನ ಗುಂಡಿ ಇರಬೇಕು, ಹೊಳೆಯ ನೀರನ್ನೂ ಯಾವುದೋ ಕಡೆ ತಿರುಗಿಸಿದ್ದಾರೆ ಎಂದುಕೊಂಡ ಬೀರಸಿದ್ದಪ್ಪನಿಗೆ ಬೆವರು ಬಂತು. ಘಟಪ್ರಭೆಯ ಉದ್ದಕ್ಕೂ ಸೈಕಲ್ ತುಳಿದ. ಹೊಳೆಯ ಮೇಲ್ಗಡೆಯ ದಡ್ಡಿ ಊರಿನವರಿಗೂ ಹೇಳಿಕಳಿಸಿದ. ಎಲ್ಲ ಗುಡ್ಡಗಳೂ ನಿನ್ನೆ ಇದ್ದಂತೆಯೇ ಇದ್ದವು. ಹಾಗಾದರೆ ಬೋಳಾದ ಗುಡ್ಡ ಎಲ್ಲಿ? ಅವನಿಗೆ ತಿಳಿಯಲಿಲ್ಲ. ಭಾನುವಾರ ಬಂದು ಆ ಮನೆಯ ಕಟ್ಟೆಯ ಮೇಲೆ ಕೂತುಬಿಡುವುದೇ ಸರಿ ಎಂದು ತೀರ್ಮಾನಿಸಿದ.

ಭಾನುವಾರ ಹುಕ್ಕೇರಿಯಿಂದ ಎರಡು ಕಾರು ಬಂದವು. ಒಂದರಲ್ಲಿ ಶ್ರೇಣಿಕ ಮತ್ತು ತಂದೆ. ಇನ್ನೊಂದರ ತುಂಬ ಹಿರಿಯರು, ಅಂದರೆ ಸುದ್ದಿ ಹುಕ್ಕೇರಿಗೂ ಮುಟ್ಟಿತ್ತು. ಪಡಸಾಲೆಯಲ್ಲಿ ಎಲ್ಲರೂ ಕೂತರು. ಬಾಗಿಲಲ್ಲಿ ಸಾತಪ್ಪ, ಕಿಟಕಿಯಲ್ಲಿ ದುಂಡವ್ವ, ಕಟ್ಟೆಯ ಮೇಲೆ ಬೀರಸಿದ್ದಪ್ಪ, ಗಿಡದ ಬುಡದಲ್ಲಿ ಎಮ್ಮೆ. ಬೀಗರ ಜೊತೆಗೆ ಅರಣ್ಯ ಇಲಾಖೆ ಯಾಕೆ ಬಂತೆಂದು ಶ್ರೀಪಾಲಣ್ಣನಿಗೆ ಅರ್ಥವಾಗಲಿಲ್ಲ. ಆದರೂ ಎಲ್ಲರಿಗೂ ಚಹಾ ಕೊಡಿಸಿದರು. ಚಹಾದಲ್ಲಿ ಸಕ್ಕರೆ ಅಷ್ಟಾಗಿ ಇರಲಿಲ್ಲ.

ಗೊಮ್ಮಟೇಶ ಅವರು ಬಟ್ಟಲು ಕೆಳಗಿಟ್ಟು, ಬಹಳ ಕಷ್ಟಪಟ್ಟು ಬಾಯಿ ತೆರೆದರು.

"ಬೀಗರ, ನೆರಳ ಬ್ಯಾಡಂತ. ನೀರ ಕಡಿಮಿ ಅಂತ. ಜನಾ ಬ್ಯಾಡಂತ. ದೂರದವರ ಮಾರಿ ಕಾಣೂದ ಬ್ಯಾಡಂತ. ಕೊಲ್ಲಾಪುರದಿಂದ ನಮ್ಮ ಅಕ್ಕಾ ಅತ್ತಗೋತ ಫೋನ್ ಮಾಡಿದ್ಳು. ಇದೆಲ್ಲಾ ಖರೆ ಏನು?"

"ಖರೆ ಐತ್ರಿ," ಎಂದರು ಶ್ರೀಪಾಲಣ್ಣ, ಸ್ವಲ್ಪ ನಾಚಿ. ಕೊಲ್ಲಾಪುರದ ಅಕ್ಕ ಒಂದು ಆಟಕ್ಕಾಗಿ ಯಾಕೆ ಅತ್ತರು ಎಂಬುದು ಅವರಿಗೆ ಬಿಡಿಸಲಾಗದ ಒಗಟಾಗಿತ್ತು. "ನಮ್ಮದು ಮೊದಲಿನಿಂದ ಹಳೇದು. ಬ್ಯಾರೆಯವರ ಒಗದದ್ದನ್ನ ನಾವ ತಂದದ್ದು. ಅಷ್ಟೆಲ್ಲಾ ಎಳಿಯೂ ತಾಕತ್ತಿಲ್ರಿ ನಮ್ಮಲ್ಲೆ. ಅವತ್ತ ಹಾರತೈತಿ ಅಂದೆ. ಅದ ಸುಳ್ಳ. ಮರ್ಯಾದಿ ಸಲುವಾಗಿ ಅಂದೆ."

ಅಡಿಗೆಮನೆಯಿಂದ ಬಿಕ್ಕುವ ಸದ್ದು ಬಂತು. ಜಗಳಕ್ಕೆ ಬಂದಿದ್ದ ಹಿರಿಯರು ತಲೆ ತಗ್ಗಿಸಿದರು. ಗೊಮ್ಮಟೇಶ ಅವರು ಎದ್ದು ಬಂದು ಶ್ರೀಪಾಲಣ್ಣನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣು ತೇವವಾಗಿದ್ದವು.

"ಇಷ್ಟ ತ್ರಾಸ ಐತಂತ ಮೊದಲ ಹೇಳಬಾರದ? ನೀವೇನೂ ಕಡಿಮಿ ಮಾಡಬ್ಯಾಡ್ರಿ. ಎಲ್ಲಾ ನಾವು ಹುಕ್ಕೇರ್ಯಾಗ ಮಾಡತೇವಿ. ನೆರಳೂ ನಮ್ಮದು, ಜನಾನೂ ನಮ್ಮವ್ರು."

"ಅದ್ಯಾಕ್ರಿ?" ಎಂದರು ಶ್ರೀಪಾಲಣ್ಣ ಗಾಬರಿಯಾಗಿ. "ಹುಕ್ಕೇರಿಗೆಲ್ಲಾ ಒಯ್ಯೂದ ಬ್ಯಾಡ. ಇಲ್ಲೆ ಚಲೋ ಓಡಾಕತ್ತೈತಿ. ಆ ಡ್ರೈವರ ತಗದ ಒಗದ ಮ್ಯಾಲಂತೂ..."

"ನಿಂದ್ರ್ರಿ, ನಿಂದ್ರ್ರಿ," ಎಂದ ಶ್ರೇಣಿಕ. ಈ ತನಕ ನೆಲ ನೋಡುತ್ತಿದ್ದವನು ಈಗ ಮಾವನ ಮುಖವನ್ನೇ ನೋಡುತ್ತಿದ್ದ. "ಮಾವಾರ, ಯಾವ ಡ್ರೈವರ?"

"ಅದ, ಆರತಿ ಹೇಳಿದ್ದು. ಪರದೆಗಿ ಚಿತ್ರಾ ಕಳಸೂ ಡ್ರೈವರ."

ಶ್ರೇಣಿಕ ಎದ್ದು, ಕಸೂತಿಯ ಬಟ್ಟೆ ಸರಿಸಿ, ಯಂತ್ರ ಹಚ್ಚಿದ. ಬೂದಿ ರಸ್ತೆ, ಬೋಳು ಗುಡ್ಡ, ಇಟ್ಟಿಗೆಯ ಲಾರಿ ಪರದೆಯ ಮೇಲೆ ಬಂದವು. ಅವನು ತುಟಿ ಕಚ್ಚಿ ಹಿಡಿದ. ಆಗಲಿಲ್ಲ. ಗೋಡೆಗೆ ಆತು ನಗತೊಡಗಿದ. ನಗುವಿನ ನಡುವೆ ತುಂಡುತುಂಡಾಗಿ ಎಲ್ಲರಿಗೂ ಬಿಡಿಸಿ ಹೇಳಿದ: ನೆರಳು ಎಂದರೆ ಲಾರಿಯ ನೆರಳು, ಜನ ಎಂದರೆ ಗೊಂಬೆ ಜನ, ದೂರದ್ದು ಎಂದರೆ ದೂರದ ಬೆಟ್ಟ, ಆರುನೂರಾ ನಲವತ್ತು ಎಂದರೆ ಪರದೆಯ ಚಿತ್ರದ ಅಳತೆ.

ಬೀರಸಿದ್ದಪ್ಪ ಎಲ್ಲರನ್ನೂ ಸರಿಸಿ ಮುಂದೆ ಬಂದು ಪರದೆಗೆ ಮೂಗು ತಾಗಿಸಿದ. "ಇದ ಏನ ಆ ಗುಡ್ಡಾ?" ಎಂದು ಕೇಳಿ, ಸೈಕಲ್ ತುಳಿದು ಬಾತಿದ್ದ ಮೀನಖಂಡವನ್ನು ತಿಕ್ಕಿಕೊಂಡ.

"ಗಿಡಾ ತಿರಗಿ ಹಾಕತೇನಂತ ಹೇಳಿದ್ನೆಲ್ರಿ," ಎಂದರು ಶ್ರೀಪಾಲಣ್ಣ ದೀನರಾಗಿ.

"ನಾ ಏನ ಸುಳ್ಳ ಹೇಳೇನಿ?" ಎಂದು ದುಂಡವ್ವ ಕಿಟಕಿಯಿಂದ ಕೂಗಿದಳು. "ಅವರ ಬಾಯಾಗ ಬಂದದ್ದನ್ನ ನಾ ಹೇಳೇನಿ. ಒಂದಕ್ಷರ ಹೆಚ್ಚಿಲ್ಲ."

ಅಡಿಗೆಮನೆಯಿಂದ ಕಮಲಾಬಾಯಿ ಬಂದಳು. ಗಂಡನ ಮುಂದೆ ನಿಂತು, "ಅಂಗಡಿ?" ಎಂದಳು.

"ಅಂಗಡಿಗೇನಾಗೇತಿ? ಚಲೋ ಐತಿ."

"ಹಂಗಾದ್ರ ಉದ್ದಪ್ಪ?"

ಆಗ ಶ್ರೀಪಾಲಣ್ಣನಿಗೆ ತಲೆಯ ಮೇಲೆ ಚೀಲ ಬಿದ್ದಂತಾಯಿತು. ಎಸ್‌ಟಿಡಿ ಗೂಡು, ಆಮೆಯಂತೆ ನಡೆದ ಜೀಪು, ತಾವು ತಿರುಗದೆ ಆಡಿದ ಮಾತು ಎಲ್ಲ ಒಂದೊಂದಾಗಿ ಕೂಡಿಬಂದವು. ಅವರು ನೇರ ಹೊರಗೆ ನಡೆದು ಶ್ರೇಣಿಕನ ಕಾರಿನಲ್ಲಿ ಕೂತರು. "ಕೌಜಲಗಿಗಿ ನಡೀರಿ," ಎಂದು ಹಿಂದೆಯೇ ಬಂದ ಶ್ರೇಣಿಕನಿಗೆ ಹೇಳಿದರು.

ಉದ್ದಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಧಣಿಯನ್ನು ಕಂಡು ಎದ್ದು ನಿಂತ, ಮುಖ ಮಾತ್ರ ಎತ್ತಲಿಲ್ಲ.

"ಹೊಸಾಂವ ಹೆಂಗ ಹೊಡೀತಾನ್ರಿ ಗಾಡಿ?"

"ಉದ್ದಪ್ಪ, ಅಂವ ಮನಶ್ಯಾ ಅಲ್ಲೋ. ಕಂಪ್ಯೂಟರನಾಗ ಇರತಾನ. ಸೀಡಿಯೊಳಗ ಬರತಾನ."

ಉದ್ದಪ್ಪ ಧಣಿಯನ್ನು ಕನಿಕರದಿಂದ ನೋಡಿದ. ತನ್ನನ್ನು ಬಿಡಿಸಿದ ಮೇಲೆ ಇವರಿಗೆ ತಲೆಗೆ ಏನೋ ಆಗಿದೆ ಎಂದುಕೊಂಡಂತೆ ಕಂಡಿತು. ಶ್ರೇಣಿಕ ಬಿಡಿಸಿ ಹೇಳಲು ಹೋದ. ಉದ್ದಪ್ಪನಿ‌ಗೆ ಅದು ಇನ್ನೂ ಗೋಜಲಾಯಿತು. ಕೊನೆಗೆ ಶ್ರೀಪಾಲಣ್ಣ ಅವನ ಹಗ್ಗದ ಇನ್ನೊಂದು ತುದಿ ಹಿಡಿದು ಪಕ್ಕದಲ್ಲೇ ಕೂತರು.

"ನೀ ಬರಲಿಲ್ಲಂದ್ರ ನಾ ಇಲ್ಲೇ ಕುಂದ್ರತೇನಿ ನೋಡು. ಪ್ರಣಿತಾನ ಲಗ್ನಾನೂ ಇಲ್ಲೇ ಆಗ್ಲಿ. ನೀ ಇಲ್ಲದ ಆಕಿನ್ನ ಯಾರ ಗಾಡ್ಯಾಗ ಕಳಸ್ಲಿ?"

ಉದ್ದಪ್ಪ ಹಗ್ಗವನ್ನು ಸುತ್ತಿ ಬದಿಗಿಟ್ಟ. "ಬರತೇನ್ರಿ. ಆದ್ರ ಅವನ್ನ ಒಮ್ಮಿ ನೋಡಬೇಕು ನಾ."

ಹೀಗೆ ಆ ದಿನ ಸಂಜೆ, ಜೈನರ ಪದ್ಧತಿಯಂತೆ ಬೀಗರ ಊಟಕ್ಕೆ ಇನ್ನೂ ಬಿಸಿಲಿರುವಾಗಲೇ ಎಲೆ ಹಾಕುತ್ತಿದ್ದಾಗ, ಉದ್ದಪ್ಪ ಕಂಪ್ಯೂಟರಿನ ಮುಂದೆ ಕೂತ. ಮಾವ-ಅಳಿಯಂದಿರ ಪಂದ್ಯ ಯಾರಿಗೂ ನೆನಪಿರಲಿಲ್ಲ. ಉದ್ದಪ್ಪ ಮೊದಲು ಕೀಲಿಮಣೆಗೆ ನಮಸ್ಕಾರ ಮಾಡಿದ. ಬಾಣದ ಗುಂಡಿಗಳನ್ನು ಶ್ರೇಣಿಕ ತೋರಿಸಿದ ಮೇಲೂ ಅವನು ಲಾರಿ ಬಿಡಲಿಲ್ಲ.

"ಹಾರ್ನ್ ಎಲ್ಲೈತ್ರಿ?"

ಹಾರ್ನ್ ತೋರಿಸಿದರು. ಲಾರಿ ಹೊರಟಿತು. ಸಲೀಸಾಗಿ, ಒಂದು ಜಗ್ಗೂ ಇಲ್ಲದೆ ಹೊರಟಿತು. ಪ್ರತಿ ತಿರುವಿಗೂ ಉದ್ದಪ್ಪ ಹಾರ್ನ್ ಹೊಡೆದ. ಹಿಂದಿನ ಲಾರಿಗಳೆಲ್ಲ ಒಂದೊಂದಾಗಿ ಅವನನ್ನು ದಾಟಿ ಹೋದವು.

"ಒತ್ತೋ ಉದ್ದಪ್ಪ, ಒತ್ತು!" ಎಂದು ಸಾತಪ್ಪ ಕುಣಿದ.

"ಅವರಿಗಿ ಏನೋ ಅವಸರ ಇದ್ದೀತು. ಹೋಗ್ಲಿ ಬಿಡ್ರಿ."

ಸೇತುವೆ ಬಂದಾಗ ಅವನು ಲಾರಿ ನಿಲ್ಲಿಸಿ, ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದಾಟಿದ. "ರಸ್ತಾ ಚಲೋ ಐತ್ರಿ. ಒಂದಾರ ಗಿಡಾ ಬಿಟ್ಟಿದ್ರ ನಿಂತ ದಣಿವಾರಿಸ್ಕೊಳ್ಳಾಕ ಬರತಿತ್ತು," ಎಂದ. ಬೀರಸಿದ್ದಪ್ಪ ಹೌದೆಂದು ತಲೆಯಾಡಿಸಿದ. ಎಲೆಯ ಮುಂದೆ ಕೂರಬೇಕಾದ ಹಿರಿಯರು ಎದ್ದು ಬಂದು ಹಿಂದೆ ನಿಂತರು. ಪ್ರಣಿತಾ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಮುಖ ಅರಳಿತ್ತು.

ಕೊನೆಗೆ ಲಾರಿ ಗುಡ್ಡದ ತುದಿ ಮುಟ್ಟಿತು. ಪರದೆಯ ತುಂಬ ಕೆಂಪು ಇಂಗ್ಲಿಷ್ ಅಕ್ಷರಗಳು ಮೂಡಿದವು. ಹೊತ್ತು ಮೀರಿತ್ತು, ಎಲ್ಲರಿಗಿಂತ ಹಿಂದೆ ಬಂದ ಉದ್ದಪ್ಪ ಸೋತಿದ್ದ.

"ಏನ ಬರದೈತ್ರಿ ಧಣ್ಯಾರ?"

ಶ್ರೇಣಿಕ ಹೇಳಲು ಬಾಯಿ ತೆರೆದ. ಶ್ರೀಪಾಲಣ್ಣ ಅಳಿಯನ ಕೈಯನ್ನು ಮೆಲ್ಲಗೆ ಒತ್ತಿದರು.

"'ಗಾಡಿ ಸುಖರೂಪ ಮುಟ್ಟೇತಿ' ಅಂತ ಬರದೈತಿ, ಉದ್ದಪ್ಪ."

ಉದ್ದಪ್ಪನ ಮೀಸೆಯ ಅಡಿಯಲ್ಲಿ ನಗು ಮೂಡಿತು. ಗೊಮ್ಮಟೇಶ ಅವರ ಕಡೆ ತಿರುಗಿ ಕೈ ಜೋಡಿಸಿದ. "ಲಗ್ನಾದ ಮ್ಯಾಲೆ ನಮ್ಮ ಪ್ರಣಿತವ್ವನ್ನೂ ಹಿಂಗ ತಂದ ಮುಟ್ಟಸ್ತೇನ್ರಿ ಹುಕ್ಕೇರಿಗಿ."

ಗೊಮ್ಮಟೇಶ ಅವರು ಪರದೆಯನ್ನು ನೋಡಿದರು, ಉದ್ದಪ್ಪನನ್ನು ನೋಡಿದರು, ಗಾಣ ತಿರುಗಿದಂತೆ ಅವರ ದವಡೆ ಒಮ್ಮೆ ಆಡಿತು.

"ಆತಪ್ಪ," ಎಂದರು. "ಸೊಸಿನ್ನ ಎದರುಗೊಳ್ಳೂದನ್ನ ಹಂಗಾದ್ರ ಮರುದಿನಾ ಇಟ್ಟಕೋತೇವಿ."